ಕಂಪ್ಯೂಟರ್ ನಿಧಾನವಾಗಿದ್ದಕ್ಕೆ ಕಾರಣವನ್ನು ರಸೀದಿಯಲ್ಲಿ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ, ರಾಯಚೂರಿನಲ್ಲಿ ಹಳೆಯ ಕಂಪ್ಯೂಟರ್ ಹೊತ್ತು ಅಂಗಡಿಗೆ ಹೋದವರಿಗೆ ಹೆಚ್ಚುಕಡಿಮೆ ಒಂದೇ ಉತ್ತರ ಸಿಗುತ್ತಿದೆ: ಇದರಲ್ಲಿ ಇನ್ನೇನೂ ಉಳಿದಿಲ್ಲ, ಹೊಸದು ತೆಗೆದುಕೊಳ್ಳಿ. ಹೊಸದಕ್ಕೆ ಹಣ ಹೊಂದಿಸಲಾಗದು ಎಂದವರಿಗೆ ಇನ್ನೆರಡು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು, ‘ಫಾರ್ಮ್ಯಾಟ್ ಹೊಡೆದು ಕೊಡ್ತೀವ್ರಿ’, ಅಂದರೆ ಡಿಸ್ಕಿನಲ್ಲಿರುವುದನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಕೊಡುತ್ತೇವೆ ಎಂದು. ಇನ್ನೊಂದು, ‘ರ್‍ಯಾಮ್ ಹಾಕಿಸ್ರಿ ಸರ್, ಎಲ್ಲಾ ಸರಿ ಹೋಗ್ತದ’. ಈ ಮೂರೂ ಸಲಹೆಗಳು ಒಂದೊಂದು ಸಂದರ್ಭದಲ್ಲಿ ಸರಿಯಾದವೇ ಆಗಿರಬಹುದು. ಆದರೆ ಯಂತ್ರ ಯಾಕೆ ನಿಧಾನವಾಯಿತು ಎಂದು ನೋಡದೆ ಇವುಗಳಲ್ಲಿ ಯಾವುದನ್ನೂ ಹೇಳಲು ಬರುವುದಿಲ್ಲ. ಕಾರಣ ನೋಡದೆ ಪರಿಹಾರ ಮಾರುವ ಈ ರೂಢಿಯಿಂದ ಸಾಮಾನ್ಯ ಮನೆಗಳವರು ಹಣವನ್ನೂ ಕಡತಗಳನ್ನೂ ಕಳೆದುಕೊಳ್ಳುತ್ತಿದ್ದಾರೆ. ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದವನು ಎಂಬ ಕಾರಣಕ್ಕೆ ಓಣಿಯವರು ತಮ್ಮ ಯಂತ್ರಗಳನ್ನು ನನ್ನ ಮುಂದೆ ತಂದಿಡುವುದುಂಟು. ಅಲ್ಲಿ ಕಂಡದ್ದರ ಆಧಾರದ ಮೇಲೆ, ಈ ಕಾರಣಗಳನ್ನು ಮನೆಯಲ್ಲಿಯೇ ಬಹುಮಟ್ಟಿಗೆ ಗುರುತಿಸಬಹುದೆಂದು ತಮ್ಮ ಓದುಗರಿಗೆ ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಭಾಗದ ಮನೆಗಳಲ್ಲಿ ಈಗಲೂ ಇರುವ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಹತ್ತು ಹದಿನೈದು ವರ್ಷಗಳ ಹಿಂದೆ, ಮಕ್ಕಳ ಓದಿಗೆಂದು ಬಿಡಿಭಾಗ ಜೋಡಿಸಿ ಮಾಡಿಸಿದವು. ಅವುಗಳಿಂದ ಮನೆಯವರು ಬಯಸುವುದೂ ಬಹಳವೇನಲ್ಲ. ಹೊಲದ ಪಹಣಿ ನೋಡುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, 371(ಜೆ) ಪ್ರಮಾಣಪತ್ರಕ್ಕೆ ದಾಖಲೆ ಸ್ಕ್ಯಾನ್ ಮಾಡಿ ಇಡುವುದು, ಸಿಇಟಿ ಅರ್ಜಿ ಹಾಕುವುದು, ಕನ್ನಡದ ನುಡಿ ತಂತ್ರಾಂಶದಲ್ಲಿ ಒಂದು ಮನವಿ ಪತ್ರ ಟೈಪು ಮಾಡುವುದು. ಇವಕ್ಕೆಲ್ಲ ಇಂದಿನ ವೇಗದ ಪ್ರೊಸೆಸರ್ ಬೇಕಿಲ್ಲ. ವಿಂಡೋಸ್ 11ಕ್ಕೆ ಇಂಟೆಲ್‌ನದಾದರೆ ಎಂಟನೆಯ ಪೀಳಿಗೆಯ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕೆಂಬ ನಿಯಮ ಇರುವುದರಿಂದ ಈ ಯಂತ್ರಗಳಿಗೆ ಅಲ್ಲಿಗೆ ಪ್ರವೇಶವಿಲ್ಲ ಎಂಬುದು ನಿಜ. ಆದರೆ ಹೊಸ ವಿಂಡೋಸ್ ಹಾಕಲಾಗದಿರುವುದು ಬೇರೆ, ಯಂತ್ರ ನಿಧಾನವಾಗಿರುವುದು ಬೇರೆ. ಅಂಗಡಿಗಳಲ್ಲಿ ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿ ಮಾತಾಡುತ್ತಿರುವುದೇ ಗೊಂದಲದ ಮೂಲ.

ಮೊದಲು ನೋಡಬೇಕಾದದ್ದು ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ವಿಂಡೋಸ್ 8 ಮತ್ತು ನಂತರದವುಗಳಲ್ಲಿ ಅಲ್ಲಿಯೇ ಪ್ರೊಸೆಸರ್, ಮೆಮೊರಿ (ಅಂದರೆ ರ್‍ಯಾಮ್) ಮತ್ತು ಡಿಸ್ಕ್ ಎಷ್ಟೆಷ್ಟು ದುಡಿಯುತ್ತಿವೆ ಎಂಬುದು ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ; ವಿಂಡೋಸ್ 7ರಲ್ಲಾದರೆ ಅದರೊಳಗಿಂದ ರಿಸೋರ್ಸ್ ಮಾನಿಟರ್ ಎಂಬುದನ್ನು ತೆರೆಯಬೇಕು. ಯಂತ್ರ ಆರಂಭವಾದ ಕೂಡಲೇ ನೋಡಿದರೆ ಪ್ರಯೋಜನವಿಲ್ಲ, ಏಕೆಂದರೆ ಆಗ ಎಲ್ಲವೂ ಗಡಿಬಿಡಿಯಲ್ಲಿರುತ್ತವೆ. ನಿತ್ಯ ಮಾಡುವ ಕೆಲಸವನ್ನೇ ಮಾಡುತ್ತ, ಯಂತ್ರ ತಡವರಿಸುವ ಹೊತ್ತಿಗೆ ಈ ಅಂಕಿಗಳನ್ನು ಗಮನಿಸಬೇಕು. ಮೆಮೊರಿ ಭರ್ತಿಯಾಗಿ ಅದರ ಜೊತೆಗೇ ಡಿಸ್ಕ್ ಕೂಡ ನೂರರ ಹತ್ತಿರ ನಿಂತಿದ್ದರೆ ಮೆಮೊರಿ ಸಾಲದಾಗಿದೆ ಎಂದು ತಿಳಿಯಬೇಕು. ಮೆಮೊರಿ ಅರ್ಧದಷ್ಟು ಖಾಲಿ ಇದ್ದೂ ಡಿಸ್ಕ್ ಮಾತ್ರ ನೂರಕ್ಕೆ ಅಂಟಿಕೊಂಡಿದ್ದರೆ ತೊಂದರೆ ಇರುವುದು ಹಾರ್ಡ್ ಡಿಸ್ಕಿನಲ್ಲಿ, ಅದರ ಕೇಬಲ್ಲಿನಲ್ಲಿ ಅಥವಾ ಹಿನ್ನೆಲೆಯಲ್ಲಿ ಅದನ್ನು ದುಡಿಸುತ್ತಿರುವ ಯಾವುದೋ ತಂತ್ರಾಂಶದಲ್ಲಿ. ಇಂಥ ಯಂತ್ರಕ್ಕೆ ರ್‍ಯಾಮ್ ಹಾಕಿಸುವುದು ದುಡ್ಡು ಚೆಲ್ಲಿದಂತೆಯೇ ಸರಿ. ಎರಡೂ ಹಗುರವಾಗಿದ್ದು, ಮಧ್ಯಾಹ್ನದ ಹೊತ್ತಿಗೆ ಮಾತ್ರ ಯಂತ್ರ ಮಂದವಾಗುತ್ತಿದ್ದರೆ ಶಾಖದ ಕಡೆಗೆ ನೋಡಬೇಕು. ಇಷ್ಟು ನೋಡಲು ಯಾವ ಉಪಕರಣವೂ ಬೇಡ, ಕ್ಯಾಬಿನೆಟ್ಟಿನ ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ.

ಮೆಮೊರಿ ಕಡಿಮೆಯಾದಾಗ ಡಿಸ್ಕ್ ಯಾಕೆ ದುಡಿಯುತ್ತದೆ ಎಂಬುದನ್ನು ರಾಯಚೂರಿನವರಿಗೆ ರಾಜೇಂದ್ರ ಗಂಜಿನ ಉದಾಹರಣೆಯಿಂದ ಸುಲಭವಾಗಿ ಹೇಳಬಹುದು. ಅಡತಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹರವಿದ ಮಾಲನ್ನು ಕೂಡಲೇ ನೋಡಿ, ತೂಗಿ, ಮಾರಬಹುದು. ಕಟ್ಟೆ ತುಂಬಿದಾಗ ಕೆಲವು ಚೀಲಗಳನ್ನು ಹಿಂದಿನ ಗೋದಾಮಿಗೆ ಸಾಗಿಸಿ, ಬೇಕಾದಾಗ ಮತ್ತೆ ಹೊತ್ತು ತರಬೇಕಾಗುತ್ತದೆ. ರ್‍ಯಾಮ್ ಆ ಕಟ್ಟೆ, ಹಾರ್ಡ್ ಡಿಸ್ಕ್ ಆ ಗೋದಾಮು. ಡಿಸ್ಕಿನಲ್ಲಿ ಇದಕ್ಕೆಂದೇ ವಿಂಡೋಸ್ ಕಾದಿರಿಸುವ ಜಾಗಕ್ಕೆ ಪೇಜ್ ಫೈಲ್ ಎನ್ನುತ್ತಾರೆ. ಮೆಮೊರಿಯಿಂದ ಒಂದು ಮಾಹಿತಿಯನ್ನು ಪಡೆಯಲು ಸುಮಾರಾಗಿ ಸೆಕೆಂಡಿನ ಕೋಟಿಯಲ್ಲೊಂದು ಪಾಲು ಸಮಯ ಸಾಕು. ತಿರುಗುವ ಹಾರ್ಡ್ ಡಿಸ್ಕಿನ ಸೂಜಿ ಸರಿಯಾದ ಜಾಗಕ್ಕೆ ಸರಿದು ಅದೇ ಮಾಹಿತಿಯನ್ನು ಎತ್ತಿಕೊಳ್ಳಲು ಸೆಕೆಂಡಿನ ನೂರರಲ್ಲೊಂದು ಪಾಲಿನ ಆಸುಪಾಸು ಹಿಡಿಯುತ್ತದೆ. ಎರಡರ ನಡುವಿನ ಅಂತರ ಒಂದು ಲಕ್ಷ ಪಟ್ಟು. ಬ್ರೌಸರಿನಲ್ಲಿ ಹತ್ತಾರು ಟ್ಯಾಬ್ ತೆರೆದಿಟ್ಟಾಗ, ಅವುಗಳಲ್ಲಿ ಹೆಚ್ಚಿನವು ಬೇರೆ ಬೇರೆ ಪ್ರಕ್ರಿಯೆಗಳಾಗಿ ಓಡುತ್ತ ಒಂದೊಂದೂ ನೂರಾರು ಎಂಬಿ ಮೆಮೊರಿ ಕಬಳಿಸುವುದರಿಂದ, 2 ಜಿಬಿ ರ್‍ಯಾಮಿನ ಯಂತ್ರ ಮೌಸ್ ಬಾಣವನ್ನೂ ಅಲ್ಲಾಡಿಸದೆ ನಿಂತುಬಿಡುವುದು ಈ ಕಾರಣಕ್ಕೆ.

ಹಾಗಾದರೆ ರ್‍ಯಾಮ್ ಹೆಚ್ಚಿಸಿದರೆ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. ಅಂಗಡಿಯವರು ಹೇಳದೆ ಬಿಡುವ ಮಿತಿಗಳು ಇರುವುದು ಇಲ್ಲಿಯೇ. ನಮ್ಮ ಓಣಿಯ ಒಬ್ಬ ಶಿಕ್ಷಕಿಯವರ ಮನೆಯ ಯಂತ್ರದಲ್ಲಿ 2 ಜಿಬಿ ರ್‍ಯಾಮ್ ಇತ್ತು. ಅಂಗಡಿಯೊಂದರಲ್ಲಿ ಅದನ್ನು ತೆಗೆದು 4 ಜಿಬಿ ಹಾಕಿ, ವರ್ಷ ಕಳೆದ ಮೇಲೆ ಇನ್ನೂ ನಿಧಾನ ಎಂದಾಗ ಮತ್ತೊಂದು 4 ಜಿಬಿ ಸೇರಿಸಿ ಹಣ ಪಡೆದಿದ್ದರು. ಮೈ ಕಂಪ್ಯೂಟರ್ ಮೇಲೆ ಬಲಗಡೆಯ ಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದು ನೋಡಿದರೆ, ಅಳವಡಿಸಿದ ಮೆಮೊರಿ 8 ಜಿಬಿ ಎಂದು ಬರೆದು ಅದರ ಪಕ್ಕದಲ್ಲಿಯೇ ಆವರಣದೊಳಗೆ ಬಳಕೆಗೆ ಸಿಗುವುದು 3.24 ಜಿಬಿ ಮಾತ್ರ ಎಂದು ವಿಂಡೋಸ್ ತಾನಾಗಿಯೇ ಹೇಳುತ್ತಿತ್ತು. ಅದರ ಕೆಳಗಿನ ಸಾಲಿನಲ್ಲಿ, ಇದು 32 ಬಿಟ್ ವಿಂಡೋಸ್ ಎಂದೂ ಇತ್ತು. ಎರಡನೆಯ ಸಲ ಹಾಕಿದ ಸ್ಟಿಕ್ಕಿನಿಂದ ಆ ಮನೆಯವರಿಗೆ ಒಂದು ಎಂಬಿಯಷ್ಟೂ ಪ್ರಯೋಜನವಾಗಿರಲಿಲ್ಲ.

ಇದಕ್ಕೆ ಕಾರಣ ಸರಳ ಗಣಿತ. 32 ಬಿಟ್ ಉದ್ದದ ವಿಳಾಸದಿಂದ ಎರಡರ 32ನೆಯ ಘಾತದಷ್ಟು, ಅಂದರೆ 429 ಕೋಟಿ 49 ಲಕ್ಷಕ್ಕೂ ಮಿಕ್ಕ ಬೈಟುಗಳನ್ನು ಮಾತ್ರ ಗುರುತಿಸಬಹುದು; ಅದುವೇ 4 ಜಿಬಿ. ಈ ವಿಳಾಸಗಳಲ್ಲಿ ಒಂದಷ್ಟನ್ನು ಗ್ರಾಫಿಕ್ಸ್ ಮತ್ತಿತರ ಸಾಧನಗಳು ತಮಗೆ ತೆಗೆದುಕೊಳ್ಳುವುದರಿಂದ ರ್‍ಯಾಮಿಗೆ ಉಳಿಯುವುದು ಮೂರೂಕಾಲರಿಂದ ಮೂರೂವರೆ ಜಿಬಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮ ಮನೆಯ ಯಂತ್ರಗಳಲ್ಲಿ ಪರದೆಯ ಚಿತ್ರಕ್ಕೂ ರ್‍ಯಾಮಿನಲ್ಲಿಯೇ ಪಾಲು ಹೋಗುತ್ತದೆ. ಈ ಮಿತಿಯನ್ನು ದಾಟಬೇಕೆಂದರೆ 64 ಬಿಟ್‌ನ ವಿಂಡೋಸನ್ನು ಹೊಸದಾಗಿ ಹಾಕಬೇಕು. ಈಗಿರುವ ವಿಂಡೋಸಿನ ಮೇಲೆಯೇ ಅದನ್ನು ಹಾಕಿ ಬದಲಿಸಲು ಬರುವುದಿಲ್ಲ. ಅಷ್ಟಾದ ಮೇಲೂ ವಿಂಡೋಸ್ 7ರ ಆವೃತ್ತಿಗಳಿಗೆ ಬೇರೆ ಬೇರೆ ಮೇರೆಗಳಿವೆ: ಸ್ಟಾರ್ಟರ್ ಆವೃತ್ತಿ 2 ಜಿಬಿ ಮೀರುವುದಿಲ್ಲ, 64 ಬಿಟ್‌ನ ಹೋಮ್ ಬೇಸಿಕ್ 8 ಜಿಬಿಗೆ, ಹೋಮ್ ಪ್ರೀಮಿಯಂ 16 ಜಿಬಿಗೆ ನಿಲ್ಲುತ್ತವೆ. ಇಂಥ ಮೇರೆಗಳು ಹೊಸತೇನಲ್ಲ. ವಿಂಡೋಸ್ 98ರ ಕಾಲದಲ್ಲಿ 512 ಎಂಬಿಗಿಂತ ಹೆಚ್ಚು ಮೆಮೊರಿ ಹಾಕಿದರೆ, ಮೆಮೊರಿ ಸಾಲದು ಎಂಬ ಸಂದೇಶ ಬರುತ್ತಿದ್ದ ತಮಾಷೆಯನ್ನು ಹಳಬರು ನೆನಪಿಸಿಕೊಂಡಾರು.

ಎರಡನೆಯ ಮಿತಿ, ಬಿಡಿಭಾಗಗಳೆಲ್ಲ ಕೂರುವ ಮುಖ್ಯ ಫಲಕವಾದ ಮದರ್‌ಬೋರ್ಡಿನದು. ಇಂಟೆಲ್‌ನ ಜಿ31 ಚಿಪ್‌ಸೆಟ್ ಇರುವ ಬೋರ್ಡಿಗೆ 4 ಜಿಬಿ, ಜಿ41ಕ್ಕೆ 8 ಜಿಬಿ, ಎಚ್61ಕ್ಕೆ 16 ಜಿಬಿ ಎಂಬುದು ಗರಿಷ್ಠ. ವಿಂಡೋಸ್ ಯಾವುದೇ ಇರಲಿ ಇದಕ್ಕಿಂತ ಹೆಚ್ಚಿಗೆ ಹೋಗಲು ಆಗುವುದಿಲ್ಲ. ನಮ್ಮ ಕಡೆ ಜೋಡಿಸಿದ ಯಂತ್ರಗಳಲ್ಲಿ ಜಿ41 ಮತ್ತು ಎಚ್61 ಬೋರ್ಡುಗಳೇ ನನಗೆ ಹೆಚ್ಚಾಗಿ ಕಾಣಸಿಕ್ಕಿವೆ. ಮೂರನೆಯದು ರ್‍ಯಾಮಿನ ಜಾತಿ. ಡಿಡಿಆರ್2, ಡಿಡಿಆರ್3 ಮತ್ತು ಡಿಡಿಆರ್4 ಸ್ಟಿಕ್ಕುಗಳಲ್ಲಿ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದೇ ಇಲ್ಲ. ಅವು ಬೇಡುವ ವಿದ್ಯುತ್ತು ಕೂಡ ಕ್ರಮವಾಗಿ 1.8, 1.5 ಮತ್ತು 1.2 ವೋಲ್ಟ್. ಇದಾದರೂ ಕಣ್ಣಿಗೆ ಕಾಣುವ ವ್ಯತ್ಯಾಸ. ಕಣ್ಣಿಗೆ ಬೀಳದ ಇನ್ನೊಂದು ತೊಡಕು ಜಿ41 ಬೋರ್ಡುಗಳಲ್ಲಿದೆ. ಅವುಗಳಿಗೆ 4 ಜಿಬಿ ಸ್ಟಿಕ್ ಹಾಕುವುದಾದರೆ ಅದರ ಎರಡೂ ಬದಿಗೆ ಎಂಟೆಂಟರಂತೆ 16 ಚಿಪ್ಪುಗಳಿರಬೇಕು. ಈಚೆಗೆ ಬರುವ, ಒಂದೇ ಬದಿಯಲ್ಲಿ ಎಂಟು ಚಿಪ್ಪುಗಳಿರುವ 4 ಜಿಬಿ ಸ್ಟಿಕ್ಕನ್ನು ಆ ಬೋರ್ಡು ಗುರುತಿಸುವುದಿಲ್ಲ. ಆನ್‌ಲೈನಿನಲ್ಲಿ ಬಹಳ ಅಗ್ಗಕ್ಕೆ ಸಿಗುವ ಕೆಲವು ಡಿಡಿಆರ್3 ಸ್ಟಿಕ್ಕುಗಳು ಎಎಂಡಿ ಯಂತ್ರಗಳಲ್ಲಿ ಮಾತ್ರ ನಡೆಯುವಂಥವು, ಇಂಟೆಲ್ ಬೋರ್ಡಿಗೆ ಹಾಕಿದರೆ ಯಂತ್ರ ಏಳುವುದೇ ಇಲ್ಲ. ಇಂಥ ಸಂದರ್ಭದಲ್ಲಿ ‘ಬೋರ್ಡ್ ಹೋಗೇದ್ರಿ’ ಎಂಬ ತೀರ್ಪು ಬಂದು, ಚೆನ್ನಾಗಿದ್ದ ಬೋರ್ಡೇ ಗುಜರಿಗೆ ಹೋದ ಪ್ರಸಂಗ ನನಗೆ ಗೊತ್ತು. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿದರೆ ಬೋರ್ಡಿನ ಹೆಸರು, ಈಗಿರುವ ರ್‍ಯಾಮಿನ ಜಾತಿ, ಯಾವ ಸ್ಲಾಟಿನಲ್ಲಿ ಎಷ್ಟಿದೆ ಎಂಬುದು ತಿಳಿಯುತ್ತದೆ. ಆ ಪರದೆಯ ಚಿತ್ರವನ್ನು ಫೋನಿನಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಬೇಕು. 2025ರ ಕೊನೆಯ ತಿಂಗಳುಗಳಿಂದ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನೆಲ್ಲೆಡೆ ಏರಿರುವಾಗ, ಕೂರದ ಸ್ಟಿಕ್ಕಿಗೆ ಹಣ ಕೊಡುವುದು ಇನ್ನೂ ದುಬಾರಿ.

ಸ್ಟಿಕ್ ಬದಲಿಸುವ ಮುನ್ನ ಮಾಡಬೇಕಾದ ಒಂದು ಕೆಲಸಕ್ಕೆ ಖರ್ಚೇ ಇಲ್ಲ. ಯಂತ್ರದ ವೈರು ಕಿತ್ತು, ಸ್ಟಿಕ್ಕನ್ನು ಹೊರತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಎರಡೂ ತುದಿಯ ಹಿಡಿಕೆಗಳು ‘ಟಕ್’ ಎನ್ನುವ ತನಕ ಮತ್ತೆ ಒತ್ತಿ ಕೂರಿಸುವುದು. ಎರಡು ಸ್ಟಿಕ್ಕುಗಳಲ್ಲಿ ಒಂದನ್ನು ಮಾತ್ರ ಯಂತ್ರ ಗುರುತಿಸುತ್ತಿದ್ದರೆ ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಇನ್ನು ಹಾರ್ಡ್ ಡಿಸ್ಕ್. ನನ್ನ ಅನುಭವದಲ್ಲಿ ಮನೆಯ ಯಂತ್ರಗಳ ನಿಧಾನಗತಿಗೆ ಮೆಮೊರಿಗಿಂತ ಹೆಚ್ಚು ಬಾರಿ ಕಾರಣವಾಗಿರುವುದು ಇದು. ಆದರೆ ಅಂಗಡಿಗಳಲ್ಲಿ ಇದನ್ನು ಪರೀಕ್ಷಿಸುವವರು ಅಪರೂಪ. ಕರೆಂಟು ಹೋಗಿ ಬರುವಾಗ, ಯುಪಿಎಸ್ಸಿನ ಬ್ಯಾಟರಿ ಎಂದೋ ಸತ್ತುಹೋಗಿರುವಾಗ, ತಿರುಗುತ್ತಿರುವ ಡಿಸ್ಕ್ ಬರೆಯುವ ನಡುವೆಯೇ ನಿಲ್ಲುತ್ತದೆ. ಕಾಲಕ್ರಮದಲ್ಲಿ ಕೆಲವು ಭಾಗಗಳು ಓದಲು ಬಾರದಂತಾಗಿ, ಅವನ್ನೇ ಮತ್ತೆ ಮತ್ತೆ ಓದಲು ಯತ್ನಿಸುತ್ತ ಡಿಸ್ಕ್ ಇಡೀ ಯಂತ್ರವನ್ನು ಕಾಯುವಂತೆ ಮಾಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆಯನ್ನು ಓದಿ ತೋರಿಸುತ್ತದೆ. ಅಲ್ಲಿ ನೀಲಿಯ ಬದಲು ಹಳದಿ ಅಥವಾ ಕೆಂಪು ಕಂಡರೆ ಉಳಿದೆಲ್ಲವನ್ನೂ ಬಿಟ್ಟು ಮೊದಲು ಫೋಟೋ ಮತ್ತು ದಾಖಲೆಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ಡಿಸ್ಕ್ ಗಟ್ಟಿಯಾಗಿಯೇ ಇದ್ದರೆ ಕೇಬಲ್ ಸಡಿಲವಾಗಿದೆಯೇ ನೋಡಬೇಕು. ಇನ್ನೂ ವಿಂಡೋಸ್ ಎಕ್ಸ್‌ಪಿ ಓಡಿಸುವ ಹಳೆಯ ಡಿಟಿಪಿ ಯಂತ್ರಗಳಲ್ಲಿ ಮತ್ತೊಂದು ವಿಚಿತ್ರವಿದೆ: ಡಿಸ್ಕಿನಿಂದ ಓದುವಾಗ ಕೆಲವು ಸಲ ದೋಷ ಕಂಡುಬಂದರೆ ವಿಂಡೋಸ್ ತಾನಾಗಿಯೇ ಡಿಎಂಎ ಎಂಬ ವೇಗದ ವಿಧಾನವನ್ನು ಬಿಟ್ಟು ಪಿಐಒ ಎಂಬ ನಿಧಾನದ ವಿಧಾನಕ್ಕೆ ಇಳಿದು ಅಲ್ಲಿಯೇ ಉಳಿದುಬಿಡುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕಿನ ಸಂಪರ್ಕವಾದ ಆ ಐಡಿಇ ಚಾನೆಲ್ಲನ್ನು ತೆಗೆದು ಯಂತ್ರವನ್ನು ಮತ್ತೆ ಆರಂಭಿಸಿದರೆ ಅದು ಮರಳಿ ವೇಗಕ್ಕೆ ಬರುತ್ತದೆ. ಗೊತ್ತಿಲ್ಲದವರು ಇದಕ್ಕೂ ಫಾರ್ಮ್ಯಾಟ್ ಹೊಡೆಯುತ್ತಾರೆ.

ಹಣ ಖರ್ಚು ಮಾಡುವುದೇ ಆದರೆ, ಮೆಮೊರಿ 4 ಜಿಬಿ ಇರುವ ಯಂತ್ರಕ್ಕೆ ನಾನು ಮೊದಲು ಹೇಳುವುದು, ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯನ್ನು. ಅದರಲ್ಲಿ ತಿರುಗುವ ತಟ್ಟೆಯಾಗಲಿ ಸರಿಯುವ ಸೂಜಿಯಾಗಲಿ ಇಲ್ಲದಿರುವುದರಿಂದ ಚಿಕ್ಕ ಚಿಕ್ಕ ಕಡತಗಳನ್ನು ಹುಡುಕಿ ತೆಗೆಯುವ ಕೆಲಸ ಹಾರ್ಡ್ ಡಿಸ್ಕಿಗಿಂತ ನೂರು ಪಟ್ಟು ವೇಗವಾಗಿ ಆಗುತ್ತದೆ. ಎರಡೂವರೆ ಇಂಚಿನ, ಸಾಟಾ ಎಂಬ ಸಂಪರ್ಕದ ಎಸ್‌ಎಸ್‌ಡಿ ಜಿ41ರಂಥ ಹಳೆಯ ಬೋರ್ಡಿಗೂ ಹೊಂದುತ್ತದೆ. ಆ ಬೋರ್ಡಿನ ಸಾಟಾ 2 ಸಂಪರ್ಕ ಸೆಕೆಂಡಿಗೆ ಹೆಚ್ಚೆಂದರೆ 300 ಎಂಬಿಗೆ ಸೀಮಿತವಾಗಿದ್ದು, ಎಸ್‌ಎಸ್‌ಡಿಯ 500 ಎಂಬಿ ವೇಗ ಪೂರ್ತಿ ಸಿಗುವುದಿಲ್ಲ ಎಂಬುದು ನಿಜ. ಆದರೆ ಮನೆಯ ಕೆಲಸದಲ್ಲಿ ಆ ಕೊರತೆ ಯಾರ ಗಮನಕ್ಕೂ ಬರುವುದಿಲ್ಲ. ಮೆಮೊರಿಯ ಮಿತಿಯನ್ನು ದಾಟಲಾಗದ ಯಂತ್ರಕ್ಕಂತೂ ಇದೇ ದಾರಿ, ಏಕೆಂದರೆ ಪೇಜ್ ಫೈಲ್ ಕೂಡ ಎಸ್‌ಎಸ್‌ಡಿಯಲ್ಲಿರುವಾಗ ಮೆಮೊರಿ ಸಾಲದಿದ್ದರೂ ಯಂತ್ರ ಹಿಂದಿನಂತೆ ಕೈಕಟ್ಟಿ ಕೂರುವುದಿಲ್ಲ. ಎಕ್ಸ್‌ಪಿಗೆ ಮಾತ್ರ ಇದನ್ನು ಹಾಕಬಾರದು. ಎಸ್‌ಎಸ್‌ಡಿಯನ್ನು ಸುಸ್ಥಿತಿಯಲ್ಲಿಡುವ ಟ್ರಿಮ್ ಸೌಲಭ್ಯ ಅದರಲ್ಲಿಲ್ಲ.

ಶಾಖ ಮತ್ತು ಧೂಳಿನ ಮಾತು ಬೆಂಗಳೂರಿನವರಿಗಿಂತ ನಮಗೆ ಹೆಚ್ಚು ಅನ್ವಯಿಸುತ್ತದೆ. ಬಳ್ಳಾರಿ, ಸಂಡೂರಿನ ಕಡೆ ಅದಿರಿನ ಕೆಂಪು ಧೂಳು, ಶಕ್ತಿನಗರ ಮತ್ತು ಕುಡಿತಿನಿಯ ಸುತ್ತ ಉಷ್ಣ ವಿದ್ಯುತ್ ಸ್ಥಾವರಗಳ ಬೂದಿ, ಕೊಪ್ಪಳದ ಗಿಣಿಗೇರಿಯ ಕಡೆ ಕಾರ್ಖಾನೆಗಳ ಮಸಿ, ಹತ್ತಿಯ ಸುಗ್ಗಿಯಲ್ಲಿ ರಾಯಚೂರಿನ ಗಾಳಿಯಲ್ಲಿ ತೇಲುವ ಅರಳೆ. ಇವೆಲ್ಲ ಕ್ಯಾಬಿನೆಟ್ಟಿನ ಒಳಗೂ ಹೋಗುತ್ತವೆ. ಪ್ರೊಸೆಸರಿನ ಮೇಲಿನ ಫ್ಯಾನನ್ನು ಎತ್ತಿದರೆ ಅದರ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಧೂಳು ಮತ್ತು ಅರಳೆ ಸೇರಿ ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿರುತ್ತದೆ. ಚಿಮುಟದಿಂದ ಎಳೆದರೆ ಒಂದೇ ತುಂಡಾಗಿ ಕಿತ್ತುಬರುತ್ತದೆ. ಹೊರಗೆ 42 ಡಿಗ್ರಿ ಇರುವ ಮೇ ತಿಂಗಳಲ್ಲಿ, ಗಾಳಿ ಆಡದ ಕೋಣೆಯಲ್ಲಿ, ಇಂಥ ಯಂತ್ರದ ಪ್ರೊಸೆಸರ್ ನೂರು ಡಿಗ್ರಿಯ ಹತ್ತಿರ ಹೋಗುತ್ತದೆ. ಸುಟ್ಟುಹೋಗದಿರಲೆಂದು ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಇನ್ನೂ ಬಿಸಿಯಾದರೆ ಯಂತ್ರವನ್ನೇ ಆರಿಸುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಕಂಪ್ಯೂಟರ್ ಮಧ್ಯಾಹ್ನ ಕೆಡುತ್ತದೆ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಇದೇ. ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ, ಬ್ಲೋವರಿನಿಂದ ಧೂಳು ಊದಿಸಿ, ಪ್ರೊಸೆಸರಿನ ಶಾಖವನ್ನು ರೆಕ್ಕೆಗಳಿಗೆ ದಾಟಿಸುವ, ಈಗ ಗಟ್ಟಿಯಾಗಿರುವ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಿಸಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬ್ಲೋವರಿನ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಕ್ಯಾಬಿನೆಟ್ಟನ್ನು ಮೇಜಿನ ಗೂಡಿನೊಳಗೆ ತಳ್ಳಿ, ಮೇಲೆ ಕಸೂತಿಯ ಬಟ್ಟೆ ಹೊದಿಸಿ ಓಡಿಸುವ ಅಭ್ಯಾಸವನ್ನೂ ದಯವಿಟ್ಟು ಬಿಡಬೇಕು.

ತಂತ್ರಾಂಶದ ಕಾರಣಗಳ ಬಗ್ಗೆ ಎಲ್ಲರೂ ಹೇಳುವುದರಿಂದ ಹೆಚ್ಚು ಬರೆಯುವುದಿಲ್ಲ. ಯಂತ್ರದ ಜೊತೆಗೇ ಏಳುವ ಅನವಶ್ಯಕ ತಂತ್ರಾಂಶಗಳನ್ನು ಸ್ಟಾರ್ಟಪ್ ಪಟ್ಟಿಯಿಂದ ತೆಗೆಯಬೇಕು, ಎರಡು ಆಂಟಿವೈರಸ್ ಒಟ್ಟಿಗೆ ಇರಬಾರದು, ಸಿ ಡ್ರೈವ್ ಭರ್ತಿಯಾಗಲು ಬಿಡಬಾರದು. ರ್‍ಯಾಮ್ ಸ್ವಚ್ಛಗೊಳಿಸುತ್ತೇವೆ, ವಿಂಡೋಸಿನ ಹೊಂದಾಣಿಕೆಗಳ ದಾಖಲೆಯಾದ ರಿಜಿಸ್ಟ್ರಿಯನ್ನು ಶುದ್ಧ ಮಾಡುತ್ತೇವೆ ಎಂದು ಹೇಳುವ ತಂತ್ರಾಂಶಗಳಿಗೆ ಹಣ ಕೊಡುವ ಅಗತ್ಯ ಖಂಡಿತ ಇಲ್ಲ. ರಿಜಿಸ್ಟ್ರಿ ಕ್ಲೀನರುಗಳನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಕಂಪನಿಯೇ ಹೇಳಿದೆ. ಇಂಟರ್‌ನೆಟ್ ನಿಧಾನ ಎಂದು ಬರುವ ದೂರುಗಳಲ್ಲಿ ಕೆಲವಕ್ಕೆ ಕಾರಣ ಬೋರ್ಡಿನ ಮೇಲಿರುವ, ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ. ಅದು ಮುಗಿದರೆ ಯಂತ್ರದ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿ, ಬ್ಯಾಂಕಿನ ಮತ್ತು ಸರ್ಕಾರದ ಜಾಲತಾಣಗಳು ತೆರೆಯಲು ನಿರಾಕರಿಸುತ್ತವೆ. ಗಡಿಯಾರದ ಅಂಗಡಿಯಲ್ಲೂ ಸಿಗುವ ಈ ಬ್ಯಾಟರಿಯನ್ನು ಬದಲಿಸಿದರೆ ಕೆಲಸ ಮುಗಿಯಿತು.

ಇಷ್ಟನ್ನೂ ನೋಡದೆ ಫಾರ್ಮ್ಯಾಟ್ ಹೊಡೆದಾಗ ಆಗುವ ನಷ್ಟ ಸಣ್ಣದಲ್ಲ. ಡಿಸ್ಕ್ ಸೋತಿದ್ದರೆ ಫಾರ್ಮ್ಯಾಟ್ ಆದ ಹೊಸತರಲ್ಲಿ ಯಂತ್ರ ಚುರುಕಾದಂತೆ ಕಂಡು, ಕೆಲವೇ ವಾರಗಳಲ್ಲಿ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಗಿರಾಕಿಯೂ ಮತ್ತೆ ಅಂಗಡಿಗೆ ಬರುತ್ತಾನೆ. ಡೆಸ್ಕ್‌ಟಾಪ್ ಮತ್ತು ಮೈ ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟದ್ದೆಲ್ಲ ಸಿ ಡ್ರೈವಿನಲ್ಲಿಯೇ ಇರುತ್ತದೆಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಅಂಗಡಿಯ ಹುಡುಗರು ಕೇಳುವುದೂ ಇಲ್ಲ. ಮೇಲೆ ಹೇಳಿದ ಶಿಕ್ಷಕಿಯವರು ವರ್ಷಗಟ್ಟಲೆ ನುಡಿಯಲ್ಲಿ ಟೈಪು ಮಾಡಿಟ್ಟಿದ್ದ ಪ್ರಶ್ನೆಪತ್ರಿಕೆಗಳು ಹೋದದ್ದು ಹೀಗೆಯೇ. ಕಾರ್ಡ್ ಮುದ್ರಿಸುವ ಅಂಗಡಿಗಳಲ್ಲಿ ಇದು ಇನ್ನೂ ಕಠಿಣ. ಅಲ್ಲಿ ಪೇಜ್‌ಮೇಕರ್ 7ರಲ್ಲಿ ಮಾಡಿದ ಲಗ್ನಪತ್ರಿಕೆಯ ನಮೂನೆಗಳು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳನ್ನು ನಂಬಿಕೊಂಡಿರುತ್ತವೆ. ಫಾಂಟಿನ ಕಡತ ಅಳಿದರೆ ಪತ್ರಿಕೆಯೊಳಗಿನ ಕನ್ನಡವೆಲ್ಲ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಉಳಿಯುತ್ತದೆ.

ಎಲ್ಲ ಹಳೆಯ ಯಂತ್ರಗಳನ್ನೂ ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದೇ ಮುಗಿದಿದೆ. ಅದರಲ್ಲಿ ಓಡುವ ಕ್ರೋಮ್ ಬ್ರೌಸರ್ 109ನೆಯ ಆವೃತ್ತಿಗೇ ನಿಂತಿದೆ. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯ. ವಿಂಡೋಸ್ 10 ಇರುವವರು ಮೈಕ್ರೋಸಾಫ್ಟಿನ ವಿಸ್ತರಿತ ಭದ್ರತಾ ಯೋಜನೆಗೆ ಸೇರಿದ್ದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆಗಳು ಸಿಗುತ್ತವೆ. ಅದರಾಚೆಗೆ, ವಿಂಡೋಸಿನ ಬದಲು ಉಚಿತವಾಗಿ ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್ ಡ್ರೈವಿನಿಂದ ಓಡಿಸಿ ನೋಡಬಹುದು. 4 ಜಿಬಿ ಮೆಮೊರಿಯಲ್ಲಿ ಅದು ನಿರಾಳವಾಗಿ ನಡೆಯುತ್ತದೆ, ಕನ್ನಡದ ಕಗಪ ಕೀಲಿಮಣೆಯೂ ಅದರಲ್ಲಿ ಮೊದಲೇ ಇದೆ. ನುಡಿಯ ಹಳೆಯ ಕಡತಗಳು ಮತ್ತು ಪೇಜ್‌ಮೇಕರ್ ಬೇಕೇ ಬೇಕು ಎನ್ನುವವರು ಮಾತ್ರ ಹಳೆಯ ವಿಂಡೋಸನ್ನು ಇಂಟರ್‌ನೆಟ್ ಸಂಪರ್ಕವಿಲ್ಲದೆ ಇಟ್ಟುಕೊಳ್ಳಲಿ. ಡಿಡಿಆರ್2 ರ್‍ಯಾಮಿನ, ಜಿ31 ಮತ್ತು ಅದಕ್ಕಿಂತ ಹಳೆಯ ಬೋರ್ಡಿನ ಯಂತ್ರಗಳಿಗೆ ಹಣ ಹಾಕುವುದು ನನ್ನ ಪ್ರಕಾರ ಸರಿಯಲ್ಲ. ಅವುಗಳ ಡಿಸ್ಕನ್ನು ಬಿಚ್ಚಿ ಮನೆಯಲ್ಲಿ ಉಳಿಸಿಕೊಂಡು, ಉಳಿದದ್ದನ್ನು ತೂಕದ ಗುಜರಿಯವರಿಗೆ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಸಂಸ್ಥೆಗೆ ಕೊಡಬೇಕು. ಆದರೆ ಅಂಥದ್ದೊಂದು ಸಂಗ್ರಹ ಕೇಂದ್ರ ಎಲ್ಲಿದೆ ಎಂಬ ಫಲಕವನ್ನು ನಮ್ಮ ಊರಿನಲ್ಲಿ ನಾನು ಈವರೆಗೆ ಕಂಡಿಲ್ಲ. ನಗರಾಡಳಿತ ಇದನ್ನು ಪ್ರಕಟಿಸಬೇಕು.

ಕಡೆಯದಾಗಿ, ದುರಸ್ತಿ ಮಾಡುವ ಅಂಗಡಿಗಳವರಲ್ಲಿ ಮತ್ತು ಅಧಿಕಾರಿಗಳಲ್ಲಿ ಎರಡು ಬೇಡಿಕೆಗಳು. ರಸೀದಿ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಹಾಳೆಯ ತುಂಡಿನ ಮೇಲೆ ಮೊತ್ತವಷ್ಟನ್ನೇ ಗೀಚಿ ಕೊಡುವ ಬದಲು ಯಂತ್ರದ ಬೋರ್ಡು ಯಾವುದು, ವಿಂಡೋಸ್ 32 ಬಿಟ್ಟೋ 64 ಬಿಟ್ಟೋ, ಡಿಸ್ಕಿನ ಸ್ಥಿತಿ ಹೇಗಿತ್ತು, ಯಾವ ಕಾರಣಕ್ಕೆ ಯಾವ ಭಾಗ ಬದಲಿಸಲಾಯಿತು ಎಂಬ ನಾಲ್ಕು ಸಾಲುಗಳನ್ನು ರಸೀದಿಯಲ್ಲಿ ಬರೆಯಲಿ, ತೆಗೆದ ಹಳೆಯ ಭಾಗವನ್ನು ಗಿರಾಕಿಗೆ ಹಿಂದಿರುಗಿಸಲಿ. ನೆಟ್ಟಗೆ ಕೆಲಸ ಮಾಡುವ ಮೆಕ್ಯಾನಿಕ್ಕುಗಳು ನಮ್ಮಲ್ಲಿ ಇಲ್ಲದಿಲ್ಲ. ಅವರಿಗೆ ಇದರಿಂದ ಹೊರೆಯೇನೂ ಆಗದು. ಎರಡನೆಯದಾಗಿ, ರಾಯಚೂರು, ಬಳ್ಳಾರಿ ಮತ್ತು ಕೊಪ್ಪಳ ಜಿಲ್ಲೆಗಳ ಸರ್ಕಾರಿ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಕಂಪ್ಯೂಟರ್ ಕಲಿಯುವ ವಿದ್ಯಾರ್ಥಿಗಳು ಪ್ರಯೋಗಾಲಯದ ಒಂದೇ ಮಾದರಿಯ ಯಂತ್ರಗಳ ಮೇಲೆಯೇ ಪಾಠ ಮುಗಿಸುತ್ತಾರೆ. ಬೇಸಿಗೆಗೆ ಮುಂಚೆ, ಫೆಬ್ರವರಿ ತಿಂಗಳಲ್ಲಿ, ಉಪನ್ಯಾಸಕರ ಮೇಲ್ವಿಚಾರಣೆಯಲ್ಲಿ ಸಾರ್ವಜನಿಕರ ಹಳೆಯ ಯಂತ್ರಗಳನ್ನು ಪರೀಕ್ಷಿಸುವ ದಿನವೊಂದನ್ನು ಈ ಸಂಸ್ಥೆಗಳು ಇಟ್ಟುಕೊಂಡರೆ ಅವರಿಗೆ ನೂರೆಂಟು ಬಗೆಯ ಬೋರ್ಡುಗಳನ್ನು ನೋಡುವ ಅವಕಾಶ ಸಿಗುತ್ತದೆ. ಆ ದಿನ ಯಾವ ಬಿಡಿಭಾಗವನ್ನೂ ಮಾರಬಾರದು, ಯಾವ ಅಂಗಡಿಯ ಹೆಸರನ್ನೂ ಸೂಚಿಸಬಾರದು, ಮಾಲೀಕರ ಒಪ್ಪಿಗೆಯಿಲ್ಲದೆ ಒಂದು ಕಡತವನ್ನೂ ತೆರೆಯಬಾರದು. ಪರೀಕ್ಷೆಯ ಫಲಿತಾಂಶವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ಸಾಕು. ಸಂಬಂಧಪಟ್ಟ ಪ್ರಾಂಶುಪಾಲರು ಮುಂದೆ ಬಂದರೆ ನನ್ನಂಥ ನಿವೃತ್ತರು ಸಂಭಾವನೆಯಿಲ್ಲದೆ ಕೈಜೋಡಿಸಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ,
ರಾಯಚೂರು